ಆಂಟೆನಾದಲ್ಲಿ ಟಿವಿ ನೋಡೋರು ದಯವಿಟ್ಟು ಓದಿ

ಎಲ್ರಿಗೂ ನಮಸ್ಕಾರ. ಅಮೆರಿಕದಲ್ಲಿರೋ ನಮ್ಮ ಗುಂಪಲ್ಲಿ ಕೇಬಲ್ ತೆಗೆಸಿ ಕಿಟಕಿಗೆ ಆಂಟೆನಾ ಅಂಟಿಸ್ಕೊಂಡಿರೋರು ಸುಮಾರು ಜನ ಇದೀರಿ, ಅದಕ್ಕೇ ಹೇಳ್ತಿದೀನಿ. ಎಫ್‌ಸಿಸಿ (ಅಮೆರಿಕದ ಪ್ರಸಾರ, ದೂರಸಂಪರ್ಕ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಟಿವಿ ಸ್ಟೇಷನ್‌ಗಳ ತರಂಗಾಂತರ ತಗೊಂಡು ಮೊಬೈಲ್ ಕಂಪನಿಗಳಿಗೆ ಮಾರೋ ಸ್ಪೆಕ್ಟ್ರಮ್ ಹರಾಜು ನಡೆಸ್ತು, ಅದರಲ್ಲಿ ತಮ್ಮ ತರಂಗಾಂತರ ಬಿಟ್ಕೊಡ್ತೀವಾ ಇಲ್ವಾ ಅಂತ ಸ್ಟೇಷನ್‌ಗಳು 2016 ಮಾರ್ಚ್ 29ರೊಳಗೆ ಹೇಳ್ಬೇಕಿತ್ತು. ಅದು ಉಲ್ಟಾ ಹರಾಜು, ಸ್ಟೇಷನ್‌ಗೆ ಕೊಡೋ ರೇಟು ಮೇಲಿಂದ ಶುರುವಾಗಿ ರೌಂಡ್ ರೌಂಡಿಗೂ ಇಳೀತಾ ಹೋಗ್ತಿತ್ತು, ಗಿಟ್ಟಲ್ಲ ಅನ್ಸಿದೋರು ಎದ್ದು ಹೋಗ್ಬಹುದಿತ್ತು. ನ್ಯೂಯಾರ್ಕಿನ ಡಬ್ಲ್ಯೂಸಿಬಿಎಸ್ ಸ್ಟೇಷನ್‌ಗೆ ಶುರುವಿನ ರೇಟೇ 90 ಕೋಟಿ ಡಾಲರ್ ಇತ್ತು!

ಮಾರಿದ್ರೆ ಚಾನೆಲ್ ಮುಚ್ಚಲೇಬೇಕು ಅಂತೇನಿರ್ಲಿಲ್ಲ, ಇನ್ನೊಂದು ಸ್ಟೇಷನ್ ಜೊತೆ ತರಂಗಾಂತರ ಹಂಚ್ಕೋಬಹುದಿತ್ತು, ಇಲ್ಲಾ ವಿಎಚ್‌ಎಫ್‌ಗೆ (ಟಿವಿಯ ಕೆಳಗಿನ ತರಂಗಾಂತರಗಳಿಗೆ) ಹೋಗ್ಬಹುದಿತ್ತು, ಆದ್ರೆ ಅಲ್ಲಿಗೆ ಹೋದ್ರೆ ನಮ್ಮ ಕಿಟಕಿಯ ತೆಳ್ಳನೆ ಆಂಟೆನಾ ಸರಿಯಾಗಿ ಹಿಡಿಯಲ್ಲ. ಮೊಬೈಲ್ ಕಂಪನಿಗಳಿಗೆ ಹರಾಜಿನ ಈ 600 ಮೆಗಾಹರ್ಟ್ಸ್ ತರಂಗಾಂತರ ಬೇಕಿತ್ತು ಯಾಕಂದ್ರೆ ಅದು ಗೋಡೆ ದಾಟಿ ದೂರದವರೆಗೂ ಹೋಗತ್ತೆ.

ನನಗೆ ಚಿಂತೆ ಆಗಿದ್ದು ಲಾಭಕ್ಕಲ್ದೆ ನಡೆಯೋ ಪಬ್ಲಿಕ್ ಸ್ಟೇಷನ್‌ಗಳದ್ದು. ನನ್ನ ಮಗಳು ಎ ಬಿ ಸಿ ಕಲ್ತಿದ್ದೇ ಬೆಳಗ್ಗೆ ಹಾಲಿನ ಲೋಟ ಹಿಡ್ಕೊಂಡು ಅಂಥ ಸ್ಟೇಷನ್‌ಗಳಲ್ಲಿ ಬರೋ ಪಿಬಿಎಸ್ ಮುಂದೆ ಕೂತು, ಅದೂ ಒಂದು ಪೈಸೆ ಖರ್ಚಿಲ್ದೆ. ಅದು ಹೋದ್ರೆ ಮತ್ತೆ ಬರಲ್ಲ. ಹಾಗಾಗಿ ನಿಮ್ಮೂರಿನ ಪಬ್ಲಿಕ್ ಸ್ಟೇಷನ್‌ಗೆ ಈ ವಾರವೇ ಒಂದು ಇಮೇಲ್ ಹಾಕಿ, ನಾವು ನೋಡ್ತಿದೀವಿ ಅಂತ ಬರೀರಿ. ಯಾವ್ದಾದ್ರೂ ಚಾನೆಲ್ ಕಾಣ್ದಿದ್ರೆ ಮೊದ್ಲು ಟಿವಿ ರೀಸ್ಕ್ಯಾನ್ ಮಾಡಿ, ಅಂದ್ರೆ ಚಾನೆಲ್‌ಗಳನ್ನ ಮತ್ತೆ ಹುಡುಕಿಸಿ, ಹರಾಜಾದ್ಮೇಲೆ ಉಳಿದ ಎಷ್ಟೋ ಸ್ಟೇಷನ್‌ಗಳ ತರಂಗಾಂತರವೂ ಬದಲಾಗಿದೆ.