1453

ಪುಟ್ಟಿ,

ಸೋಮವಾರ ಬಸ್ ಹತ್ತುವಾಗ ನೀನು ನನ್ನ ಮುಖ ನೋಡಲಿಲ್ಲ. "ನಿನ್ನ ಹಾಗೆ ಇಸವಿ ಬಾಯಿಪಾಠ ಮಾಡಿಸೋ ಟೀಚರ್ ಆಗಲ್ಲ ಅಪ್ಪಾ" ಅಂದೆ. ಇಸವಿ ಬೇಡ ಅನ್ನುವವರು ಇತಿಹಾಸ ಏನು ಕಲಿಸುತ್ತಾರೆ ಅಂತ ನಾನೂ ಅಂದುಬಿಟ್ಟೆ. ಮೊದಲ ಕೆಲಸಕ್ಕೆ ಹೊರಟ ಮಗಳಿಗೆ ಹೇಳುವ ಮಾತಾ ಅದು?

ನೀನು ಯಾಕೆ ಹಾಗಂದೆ ಅಂತ ನನಗೆ ಗೊತ್ತು. ಆ ವರ್ಷ ನೀನು ನನ್ನದೇ ಕ್ಲಾಸಿನಲ್ಲಿದ್ದೆ. ಕಾನ್‌ಸ್ಟಾಂಟಿನೋಪಲ್, ಅಂದರೆ ಈಗಿನ ಇಸ್ತಾಂಬುಲ್, ಬಿದ್ದ ಇಸವಿ ಕೇಳಿದೆ. ನೀನು 1543 ಅಂದೆ. ಎರಡು ಅಂಕಿ ಆಚೀಚೆ, ಅಷ್ಟೇ. ಬೇರೆ ಮಕ್ಕಳಿಗೆ ಒಂದು ಏಟು, ನಿನಗೆ ಮೂರು. ಮೇಷ್ಟ್ರು ಮಗಳನ್ನು ಸುಮ್ನೆ ಬಿಟ್ಟರು ಅಂತ ಯಾರೂ ಅನ್ನಬಾರದು ಅಂತ. ಮರದ ಸ್ಕೇಲು. ಆ ರಾತ್ರಿ ನೀನು ಚಮಚದಲ್ಲಿ ಅನ್ನ ತಿಂದೆ. ಅಮ್ಮ ಏನೂ ಅನ್ನಲಿಲ್ಲ, ಕೊಬ್ಬರಿ ಎಣ್ಣೆ ಬಟ್ಟಲು ತಂದು ನನ್ನ ಮುಂದೆ ಇಟ್ಟಳು. ನಾನು ಹಚ್ಚಲಿಲ್ಲ. ಪೇಪರ್ ಹಿಡಿದು ಕೂತೆ. ನೀನೇ ಎಡಗೈಯಲ್ಲಿ ಎಣ್ಣೆ ತೆಗೆದು ಹಚ್ಚಿಕೊಂಡೆ. ಪೇಪರಿನ ಅಂಚಿನಿಂದ ನೋಡುತ್ತಿದ್ದೆ, ಆದರೂ ಏಳಲಿಲ್ಲ. ಅದು ಈಗಲೂ ರಾತ್ರಿ ನಿದ್ದೆ ಬರದಾಗ ಕಣ್ಣ ಮುಂದೆ ಬರುತ್ತದೆ. ತಪ್ಪಾಯ್ತು ಪುಟ್ಟಿ. ಅವತ್ತೇ ಹೇಳಬೇಕಿತ್ತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಏಟು ಕೊಟ್ಟೆನೇ ಹೊರತು, ಆ ಊರಲ್ಲಿ ಆ ವರ್ಷ ಏನಾಯ್ತು ಅಂತ ನಿಮಗೆ ಯಾರಿಗೂ ಹೇಳಲಿಲ್ಲ. ಊರಿಗೆ ಮುತ್ತಿಗೆ ಹಾಕಿದ ತುರ್ಕರ ಸುಲ್ತಾನ ಮೆಹ್ಮದನಿಗೆ ಆಗ 21 ವರ್ಷ, ನಿನಗಿಂತ ಚಿಕ್ಕವನು. ಎದುರಿಗಿದ್ದದ್ದು ಸಾವಿರ ವರ್ಷ ಹಳೆಯ ಕೋಟೆ. ಒಳಗೆ ಕಾಯಲು ಇದ್ದವರು ಸುಮಾರು 7,000 ಜನ. ಅರ್ಬನ್ ಅನ್ನೋ ಹಂಗೇರಿಯವನೊಬ್ಬ ಫಿರಂಗಿ ಎರಕ ಹೊಯ್ಯುತ್ತಿದ್ದ. ಮೊದಲು ಕೆಲಸ ಕೇಳಿದ್ದು ಕೋಟೆಯೊಳಗಿನ ಚಕ್ರವರ್ತಿಯ ಹತ್ತಿರವೇ. ಅಲ್ಲಿ ಸಂಬಳ ಕೊಡಲು ಹಣ ಇರಲಿಲ್ಲ. ಅವನು ಸುಲ್ತಾನನ ಹತ್ತಿರ ಹೋದ. ಬಂದರಿನ ಬಾಯಿಗೆ ಕಬ್ಬಿಣದ ಸರಪಳಿ ಕಟ್ಟಿದ್ದರು, ಹಡಗು ಒಳಗೆ ಬರುವ ಹಾಗಿರಲಿಲ್ಲ. ಮೆಹ್ಮದ್ ಸುಮಾರು 70 ಹಡಗುಗಳನ್ನು ಜಿಡ್ಡು ಬಳಿದ ಮರದ ದಿಮ್ಮಿಗಳ ಮೇಲೆ ಎಳೆಸಿ, ಗುಡ್ಡ ದಾಟಿಸಿ ಆಚೆ ನೀರಿಗೆ ಇಳಿಸಿದ. ಗುಡ್ಡದ ಮೇಲೆ ಹಡಗು ಬರುತ್ತಿದ್ದರೆ ಕೋಟೆ ಮೇಲಿದ್ದವರಿಗೆ ಏನನ್ನಿಸಿರಬೇಕು ಅಂತ ಮಕ್ಕಳನ್ನು ಕೇಳು. ಮೇ 29ಕ್ಕೆ ಊರು ಬಿತ್ತು. ಇಷ್ಟು ಕೇಳಿದ ಮೇಲೆ ಯಾವ ಮಗು ಇಸವಿ ಮರೆಯುತ್ತದೆ ಹೇಳು.

ಇದು ಬರೀ ಎರಡು ಧರ್ಮದ ಜಗಳ ಅಂತ ಮಕ್ಕಳ ತಲೆಯಲ್ಲಿ ಕೂರದ ಹಾಗೆ ನೋಡಿಕೋ. 1204ರಲ್ಲಿ ಇದೇ ಕ್ರೈಸ್ತರ ಊರನ್ನು ಲೂಟಿ ಮಾಡಿದವರು ಜೆರುಸಲೇಮಿಗೆ ಅಂತ ಹೊರಟ ಕ್ರೈಸ್ತ ಸೈನಿಕರೇ. ಆಮೇಲೆ ಊರು ಮೊದಲಿನ ಹಾಗೆ ಆಗಲೇ ಇಲ್ಲ. ಕೋಟೆಯೊಳಗೇ ಹೊಲ ಉಳುತ್ತಿದ್ದರು.

ಇನ್ನೊಂದು. ತುರ್ಕರು ವ್ಯಾಪಾರದ ದಾರಿ ಮುಚ್ಚಿಬಿಟ್ಟರು, ಅದಕ್ಕೇ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಅಂತ ನಾನು ಅಷ್ಟೂ ವರ್ಷ ಬರೆಸಿದೆ. ಅದು ಪೂರ್ತಿ ಸರಿಯಲ್ಲ. 1453ರ ನಂತರವೂ ವೆನಿಸಿನವರು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ನಮ್ಮ ಕಡೆಯ ಮೆಣಸು ಕೊಳ್ಳುತ್ತಲೇ ಇದ್ದರು. ಈಜಿಪ್ಟ್ ತುರ್ಕರ ಕೈಗೆ ಹೋದದ್ದೇ 1517ರಲ್ಲಿ. ವೆನಿಸಿನವರನ್ನು ದಾಟಿ ಮೆಣಸಿನ ಲಾಭ ತಾವೇ ತಿನ್ನಬೇಕು ಅನ್ನೋದು ಪೋರ್ಚುಗೀಸರ ಆಸೆ. ಪರೀಕ್ಷೆಗೆ ಪುಸ್ತಕದಲ್ಲಿದ್ದದ್ದನ್ನು ಬರೆಯಲಿ, ಆದರೆ ಇದನ್ನೂ ಹೇಳು.

ನೋಡು, ಮತ್ತೆ ಪಾಠ ಮಾಡುತ್ತಿದ್ದೇನೆ. ನೀನು ನನಗಿಂತ ಚೆನ್ನಾಗಿ ಕಲಿಸುತ್ತೀಯ. ಟೀಚಿಂಗ್ ಪ್ರಾಕ್ಟೀಸಿಗೆ ಹೋದಾಗ ಪ್ಲೇಗಿನ ಪಾಠ ಹೇಳಿ, 1347ರಲ್ಲಿ ಇಟಲಿಗೆ ಹಡಗಿನಲ್ಲಿ ಬಂದ ರೋಗವನ್ನು ನಮ್ಮ ಮುತ್ತಜ್ಜಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆಯ ಜೊತೆ ಸೇರಿಸಿದ್ದೆಯಂತೆ. ನಿನ್ನ ಗೆಳತಿ ಹೇಳಿದಳು. ಆಮೇಲೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ನಿನಗೊಬ್ಬಳಿಗೆ ಬಿಟ್ಟು.

ಅಲ್ಲಿಯ ನೀರು ಕಾಯಿಸಿ ಕುಡಿ. ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಸರಿಯಾಗಿದೆಯಾ ನೋಡು.

ಅಮ್ಮ ಚಟ್ನಿಪುಡಿ ಕಳಿಸುತ್ತಿದ್ದಾಳೆ. ಅದರ ಜೊತೆ ನನ್ನ ಭೂಪಟ ಇಟ್ಟಿದ್ದೇನೆ. ಕೋಲಿಟ್ಟು ತೋರಿಸಿ ತೋರಿಸಿ ಇಸ್ತಾಂಬುಲ್ ಹತ್ತಿರ ತೂತಾಗಿತ್ತು. ನಿನ್ನೆ ಕೂತು ಹಿಂದಿನಿಂದ ಬಟ್ಟೆ ಅಂಟಿಸಿದೆ.

ನಿನ್ನ
ಅಪ್ಪ