ಹಳೇ ಥಂಡರ್‌ಬರ್ಡ್ ಮಾರುವ ಮುಂಚೆ

ಗೆಳೆಯರೇ, ರಾಯಲ್ ಎನ್‌ಫೀಲ್ಡ್‌ನ ಹಳೇ ಬೈಕ್ ಥಂಡರ್‌ಬರ್ಡ್ 350 ಕೊಟ್ಟು ಅದೇ ಕಂಪನಿಯ ಮೀಟಿಯೋರ್ 350 ತಗೊಳ್ಳಲಾ ಅಂತ ಇಲ್ಲಿ ಕೆಲವರು ಕೇಳಿದ್ದೀರಿ. ಮೊದಲು ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡಿ. 15 ವರ್ಷ ತುಂಬುತ್ತಿದ್ದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎನ್ನುವ ಪ್ರಮಾಣಪತ್ರ), ಹಸಿರು ತೆರಿಗೆ, ಆರ್‌ಟಿಓ ಓಡಾಟ ಇದ್ದದ್ದೇ. ನೋಂದಣಿ ನವೀಕರಣವೂ 5 ವರ್ಷಕ್ಕೆ ಮಾತ್ರ.

ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟ್ ಹೋಗಿದೆ ಅಂತ ಗಾಡಿ ಮಾರಬೇಡಿ, ಅವು ಹೇಗೂ ಸವೆಯುವ ಸಾಮಾನು. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದು ಆಯಿಲ್ ಕೂಡ ಇಳಿಯುತ್ತಿದ್ದರೆ ಎಂಜಿನ್ ಬಿಚ್ಚುವ ಖರ್ಚು ಎಷ್ಟು ಅಂತ ಮೆಕ್ಯಾನಿಕ್ ಹತ್ತಿರ ಕೇಳಿ, ಆಮೇಲೆ ಯೋಚಿಸಿ.

ಪವರ್ ಆಸೆಗೆ ಸುಮ್ನೆ ಬದಲಿಸಬೇಡಿ. ಎರಡೂ 20 ಬಿಎಚ್‌ಪಿ ಆಸುಪಾಸೇ ಅಲ್ವಾ? ಆದರೆ 2019ರ ಏಪ್ರಿಲ್‌ಗಿಂತ ಹಿಂದಿನ ಬಹಳಷ್ಟು ಗಾಡಿಗಳಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಮಳೆಯಲ್ಲಿ ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವವರಿಗೆ ನನ್ನ ಪ್ರಕಾರ ಅದೊಂದೇ ಕಾರಣ ಸಾಕು. ಭಾನುವಾರ ಬಂದವರು ನನ್ನ ಮೀಟಿಯೋರ್ ಒಂದು ರೌಂಡ್ ಓಡಿಸಿ ನೋಡಿ. ಹೆಲ್ಮೆಟ್ ತನ್ನಿ.