ನೀಲಿ ಅಂಗಿಯ ಅಣ್ಣನಿಗೆ

ಹೋದ ತಿಂಗಳು ಪೀಣ್ಯದ ನಮ್ಮ ಶೆಡ್ಡಿನಲ್ಲಿ ಪ್ರೆಸ್ ಮೆಷಿನ್ನಿನ ಹೈಡ್ರಾಲಿಕ್ ಪೈಪ್ ಒಡೆಯಿತು. ಮಂಜಿನ ಹಾಗೆ ಚಿಮ್ಮಿದ ಎಣ್ಣೆ ಹೀಟರಿಗೆ ತಗುಲಿ ಭಗ್ಗನೆ ಹೊತ್ತಿಕೊಂಡಿತು. ನನ್ನ ಬಲಗೈ ಸುಟ್ಟಿತು. ಯಾರೋ ಟೂತ್‌ಪೇಸ್ಟ್ ತಂದರು. ಪಕ್ಕದ ಶೆಡ್ಡಿನಿಂದ ಓಡಿಬಂದ ನೀವು ತಡೆದಿರಿ. "ಏನೂ ಹಚ್ಚಬೇಡಿ, ಬರೀ ನೀರು" ಅಂದಿರಿ. ಕೈ ಊದುವ ಮೊದಲೇ ಉಂಗುರ ಬಿಚ್ಚಿದಿರಿ. ನಲ್ಲಿಯ ಕೆಳಗೆ ಪೂರ್ತಿ 20 ನಿಮಿಷ ನನ್ನ ಕೈ ಹಿಡಿದು ನಿಂತಿರಿ. ನಾನು ಎಳೆದುಕೊಂಡಾಗಲೆಲ್ಲ "ಇನ್ನೊಂಚೂರು ತಡ್ಕೊಳಪ್ಪ" ಅಂತಿದ್ದಿರಿ. ನಿಮ್ಮ ತೋಳೆಲ್ಲ ಒದ್ದೆ. ಆಮೇಲೆ ಒಗೆದ ಪಂಚೆ ಸಡಿಲವಾಗಿ ಸುತ್ತಿ ಆಟೋ ಹತ್ತಿಸಿದಿರಿ. ತಕ್ಷಣ ನೀರು ಬಿದ್ದಿದ್ದು ಬಹಳ ಒಳ್ಳೆಯದಾಯಿತು ಎಂದರು ಡಾಕ್ಟರು. ಉಂಗುರ ನನ್ನ ಜೇಬಿನಲ್ಲೇ ಸಿಕ್ಕಿತು, ಕಾಗದದಲ್ಲಿ ಸುತ್ತಿ ಇಟ್ಟಿದ್ದಿರಿ. ನಿಮ್ಮ ಹೆಸರೂ ಕೇಳಲಿಲ್ಲ ನಾನು. ಇವತ್ತು ಅದೇ ಕೈಯಲ್ಲಿ ಊಟ ಮಾಡಿದೆ ಅಣ್ಣಾ. ತುಂಬಾ ಥ್ಯಾಂಕ್ಸ್.